ಮಯಲಿನ್ ಬೆಳೆಸುವ ಆಸೆಗೆ ಎಂ.ಎಸ್. ಮಾತ್ರೆ ಬಿಡಬಹುದೇ?

ಪ್ರಶ್ನೆ: ನನಗೆ 31 ವರ್ಷ. ಮನೆ ಬೆಂಗಳೂರಿನ ವಿಜಯನಗರದಲ್ಲಿ, ಕೆಲಸ ವೈಟ್‌ಫೀಲ್ಡ್ ಕಡೆ. ಎರಡು ವರ್ಷದ ಹಿಂದೆ ಬಲಗಣ್ಣು ನೋವು ಬಂದು ಮೂರು ವಾರ ಮಂಜಾಗಿತ್ತು. ಆರು ತಿಂಗಳಾದ ಮೇಲೆ ಸೊಂಟದಿಂದ ಕೆಳಗೆ ಜೋಮು ಹಿಡಿಯಿತು. ಎಂ.ಆರ್.ಐ., ಬೆನ್ನುನೀರಿನ ಪರೀಕ್ಷೆ ಮಾಡಿ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ಎಂದರು. 14 ತಿಂಗಳಿಂದ ಡೈಮೀಥೈಲ್ ಫ್ಯೂಮರೇಟ್ 240 ಮಿ.ಗ್ರಾಂ. ದಿನಕ್ಕೆರಡು ಸಲ ತೆಗೆದುಕೊಳ್ಳುತ್ತಿದ್ದೇನೆ, ಹೊಸ ತೊಂದರೆ ಬಂದಿಲ್ಲ. ಆದರೆ ಬಲಗಣ್ಣಿಗೆ ಕೆಂಪು ಬಣ್ಣ ಈಗಲೂ ಮಾಸಿದಂತೆ ಕಾಣುತ್ತದೆ. ಮೆಟ್ರೊ ಇಳಿದು ಬಿಸಿಲಲ್ಲಿ ನಡೆದರೆ ಆ ಕಣ್ಣು ಮಂಜಾಗುತ್ತದೆ. ಕಣ್ಣಿನಿಂದ ಮಿದುಳಿಗೆ ಸಂಕೇತ ಮುಟ್ಟುವ ಸಮಯ ಅಳೆಯುವ ವಿ.ಇ.ಪಿ. ಪರೀಕ್ಷೆಯಲ್ಲಿ ಬಲಗಣ್ಣಿಗೆ 126 ಮಿಲಿಸೆಕೆಂಡ್ ಬಂದಿದೆ, ಈಚಿನ ಎಂ.ಆರ್.ಐ. ವರದಿಯಲ್ಲಿ ‘ಹಳೆಯ ಪ್ಲಾಕ್‌ಗಳಲ್ಲಿ ಬದಲಾವಣೆ ಇಲ್ಲ’ ಎಂದಿದೆ. ಈ ಮಾತ್ರೆ ರೋಗನಿರೋಧಕ ವ್ಯವಸ್ಥೆಯನ್ನು ತಡೆಯುತ್ತದೆಯೇ ಹೊರತು ನರತಂತುವಿನ ಹೊದಿಕೆಯಾದ ಮಯಲಿನ್ ಬೆಳೆಸುವುದಿಲ್ಲ ಎಂದು ಓದಿದೆ. ಮನೆಯಲ್ಲಿ ಹಿರಿಯರು ಮಾತ್ರೆ ಬಿಟ್ಟು ತುಪ್ಪ, ಅಮೃತಬಳ್ಳಿ ಕಷಾಯ ಶುರುಮಾಡು ಅನ್ನುತ್ತಾರೆ. ಒಂದು ಕ್ಲಿನಿಕ್‌ನವರು ಸ್ಟೆಮ್ ಸೆಲ್ ಚುಚ್ಚುಮದ್ದಿಗೆ ಆರು ಲಕ್ಷ ಕೇಳಿದ್ದಾರೆ. ಅಲರ್ಜಿ ಮಾತ್ರೆ ಕ್ಲೆಮಾಸ್ಟೀನ್ ಮಯಲಿನ್ ಬೆಳೆಸುತ್ತದಂತೆ. ಮುಂದಿನ ವರ್ಷ ಮಗುವಿನ ಯೋಚನೆಯೂ ಇದೆ. ಹೋದ ಮಯಲಿನ್ ಮತ್ತೆ ಬರುತ್ತದೆಯೇ? ನಾನು ಏನು ಮಾಡಲಿ?

ಉತ್ತರ: ಮಾತ್ರೆ ಬಿಡಬೇಡಿ. ಉಳಿದ ಮಾತೆಲ್ಲ ಅದಾದ ಮೇಲೆ.

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಹೋದ ಮಯಲಿನ್ ಮರಳಿ ಬರುತ್ತದೆಯೇ ಎಂಬುದು ಒಂದು. ಅದನ್ನು ಬರಿಸಲು ಏನಾದರೂ ಔಷಧ ಇದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹೌದು, ಒಂದು ಮಟ್ಟಕ್ಕೆ ಬರುತ್ತದೆ, ನಿಮ್ಮ ದೇಹ ಈಗಾಗಲೇ ಆ ಕೆಲಸ ಮಾಡಿರುವ ಸಾಧ್ಯತೆ ದೊಡ್ಡದು. ಎರಡನೆಯದಕ್ಕೆ, ಇವತ್ತಿನ ಮಟ್ಟಿಗೆ ನಂಬಿ ಚೀಟಿ ಬರೆಯುವಂಥ ಔಷಧ ಯಾವುದೂ ಇಲ್ಲ. ಮೊದಲನೆಯ ಉತ್ತರವನ್ನು ತೋರಿಸಿ ಎರಡನೆಯದಕ್ಕೆ ದುಡ್ಡು ಕೇಳುವವರು ಬಹಳ ಜನ ಇದ್ದಾರೆ. ಹಾಗಾಗಿ ಎರಡನ್ನೂ ಬಿಡಿಸಿ ನೋಡೋಣ.

ನರಕೋಶದಿಂದ ಹೊರಡುವ ಉದ್ದನೆಯ ತಂತುವಿನ ಸುತ್ತ ಪದರ ಪದರವಾಗಿ ಸುತ್ತಿಕೊಂಡಿರುವ ಪೊರೆಯೇ ಮಯಲಿನ್. ನೀರಿನಂಶ ಬಿಟ್ಟರೆ ಅದರ ತೂಕದಲ್ಲಿ ಮುಕ್ಕಾಲು ಪಾಲು ಕೊಬ್ಬು. ಮಿದುಳು, ಬೆನ್ನುಹುರಿ ಮತ್ತು ದೃಷ್ಟಿನರದಲ್ಲಿ ಇದನ್ನು ಸುತ್ತುವುದು ಒಲಿಗೊಡೆಂಡ್ರೊಸೈಟ್ ಎಂಬ ಕೋಶ. ಒಂದೇ ಕೋಶ ಹಲವು ತಂತುಗಳನ್ನು ಮುಟ್ಟಿ, ಸುಮಾರು 50 ತುಣುಕುಗಳವರೆಗೂ ಸುತ್ತಬಲ್ಲದು. ಒಂದು ಕೋಶ ಸತ್ತರೆ ಅಷ್ಟೂ ಕಡೆ ಬರಿದಾಗುತ್ತದೆ ಎಂಬುದನ್ನು ನೆನಪಿಡಿ. ಕೈಕಾಲಿನ ನರಗಳಲ್ಲಿ ಈ ಕೆಲಸ ಶ್ವಾನ್ ಕೋಶಗಳದು, ಒಂದು ಕೋಶಕ್ಕೆ ಒಂದೇ ತುಣುಕು; ಅವುಗಳ ತಂಟೆಗೆ ಎಂ.ಎಸ್. ಹೋಗುವುದಿಲ್ಲ. ತುಣುಕು ತುಣುಕಿನ ನಡುವೆ ಪೊರೆ ಇಲ್ಲದ ಸಣ್ಣ ಸಂದುಗಳಿರುತ್ತವೆ. ಸಂಕೇತ ಆ ಸಂದಿನಿಂದ ಈ ಸಂದಿಗೆ ನೆಗೆಯುತ್ತ ದಪ್ಪ ತಂತುಗಳಲ್ಲಿ ಸೆಕೆಂಡಿಗೆ 100 ಮೀಟರ್‌ವರೆಗೂ ಓಡುತ್ತದೆ. ಮಯಲಿನ್ ಇಲ್ಲದ ಸಣ್ಣ ತಂತುವಿನಲ್ಲಿ ಅದು ಸೆಕೆಂಡಿಗೆ ಒಂದೆರಡು ಮೀಟರ್ ಸಾಗಿದರೆ ಹೆಚ್ಚು. ವೇಗ ಕೊಡುವುದಷ್ಟೇ ಮಯಲಿನ್‌ನ ಕೆಲಸವಲ್ಲ. ಸುತ್ತಿರುವ ಕೋಶವೇ ಒಳಗಿನ ತಂತುವಿಗೆ ಆಹಾರವನ್ನೂ ಒದಗಿಸುತ್ತದೆ. ಪೊರೆ ಹೋಗಿ ಬಹುಕಾಲ ಬರಿದಾಗಿ ನಿಂತ ತಂತು ನಿಧಾನಕ್ಕೆ ಸೊರಗಿ ಸಾಯುತ್ತದೆ, ಮಿದುಳಿನಲ್ಲಿ ಸತ್ತ ತಂತು ಮತ್ತೆ ಬೆಳೆಯುವುದಿಲ್ಲ. ಮಯಲಿನ್ ರಿಪೇರಿಗೆ ನಾವು ಇಷ್ಟು ಮಹತ್ವ ಕೊಡುವುದು ಈ ಕಾರಣಕ್ಕೆ.

‘ನರ ಒಮ್ಮೆ ಹೋದರೆ ಹೋಯಿತು’ ಎಂಬ ಮಾತು ಮಯಲಿನ್ ವಿಷಯದಲ್ಲಿ ತಪ್ಪು. ಬೆಳೆದ ಬೆಕ್ಕಿನ ಬೆನ್ನುಹುರಿಯಲ್ಲಿ ಕಳಚಿದ ಮಯಲಿನ್ ಮತ್ತೆ ಸುತ್ತಿಕೊಳ್ಳುವುದನ್ನು ಬಂಜ್ ದಂಪತಿ ಮತ್ತು ಹಾನ್ಸ್ ರಿಸ್ 1961ರಲ್ಲೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದರು. ಮನುಷ್ಯರಲ್ಲೂ ಅದು ಆಗುತ್ತದೆ. ಎಂ.ಎಸ್. ಇದ್ದು ತೀರಿಕೊಂಡ 51 ಜನರ ಮಿದುಳುಗಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸುಮಾರು ಐವರಲ್ಲಿ ಒಬ್ಬರ ಗಾಯಗಳು ಬಹುಪಾಲು ಮತ್ತೆ ಮಯಲಿನ್ ಕಟ್ಟಿಕೊಂಡಿದ್ದವು. ಉಳಿದವರಲ್ಲಿ ಅರೆಬರೆ, ಕೆಲವರಲ್ಲಿ ಅಂಚಿನಲ್ಲಿ ಮಾತ್ರ. ಹೊಸದಾಗಿ ಕಟ್ಟಿದ ಮಯಲಿನ್ ಮೊದಲಿನದಕ್ಕಿಂತ ತೆಳು, ತುಣುಕುಗಳೂ ಗಿಡ್ಡ. ಹಾಗಾಗಿ ಸಂಕೇತ ದಾಟುತ್ತದೆ, ಆದರೆ ಹಳೆಯ ವೇಗ ಪೂರ್ತಿ ಬರುವುದಿಲ್ಲ.

ನಿಮ್ಮ ಕಣ್ಣಿನ ಕಥೆ ಇದಕ್ಕೆ ಸರಿಯಾಗಿ ಹೊಂದುತ್ತದೆ. ಆಪ್ಟಿಕ್ ನ್ಯೂರೈಟಿಸ್, ಅಂದರೆ ದೃಷ್ಟಿನರದ ಉರಿಯೂತ, ಆದ ಮೇಲೆ ದೃಷ್ಟಿ ಮರಳುವುದು ಮೂರು ಹಂತದಲ್ಲಿ. ಮೊದಲ ವಾರಗಳಲ್ಲಿ ಊತ ಇಳಿಯುತ್ತದೆ. ಆಮೇಲೆ ಬರಿದಾದ ತಂತು ತನ್ನ ಸೋಡಿಯಂ ದ್ವಾರಗಳನ್ನು ಉದ್ದಕ್ಕೂ ಹರಡಿಕೊಂಡು, ನಿಧಾನವಾಗಿಯಾದರೂ ಸಂಕೇತ ದಾಟಿಸಲು ಕಲಿಯುತ್ತದೆ. ಮೂರನೆಯದು ಮಯಲಿನ್ ಮರುಸುತ್ತುವಿಕೆ. ಅದು ತಿಂಗಳುಗಟ್ಟಲೆ ನಡೆಯುವ ಕೆಲಸ. ಅಕ್ಷರ ಓದಲು ಬಂದರೂ ಕೆಂಪು ಮಾಸಿ ಕಾಣುವುದು ಈ ಗಾಯದಲ್ಲಿ ಬಹಳ ಸಾಮಾನ್ಯ. ಒಂದಷ್ಟು ತಂತುಗಳು ಹೋಗಿವೆ, ಉಳಿದವು ತಡವಾಗಿ ಸಂಕೇತ ಕಳಿಸುತ್ತಿವೆ ಎಂದು ಅದರ ಅರ್ಥ. ರೋಗ ಮುಂದುವರಿಯುತ್ತಿದೆ ಎಂದಲ್ಲ.

ವಿ.ಇ.ಪಿ. ಅಳೆಯುವುದು ಆ ತಡವನ್ನೇ. ಪರದೆಯ ಮೇಲಿನ ಕಪ್ಪುಬಿಳುಪು ಚೌಕಗಳು ಅದಲುಬದಲಾದ ಕ್ಷಣದಿಂದ ತಲೆಯ ಹಿಂಭಾಗದಲ್ಲಿ ಸಂಕೇತ ಮುಟ್ಟುವವರೆಗೆ ಸುಮಾರು 100 ಮಿಲಿಸೆಕೆಂಡ್ ಹಿಡಿಯುತ್ತದೆ. ನಿಮ್ಮ 126 ತಡವೇ, ಅನುಮಾನವಿಲ್ಲ. ಆದರೆ ಒಂದೇ ಅಂಕಿಯಿಂದ ರಿಪೇರಿ ನಿಂತಿದೆಯೋ ನಡೆದಿದೆಯೋ ಹೇಳಲಾಗದು, ಹಿಂದಿನ ಅಂಕಿಯ ಜೊತೆ ಹೋಲಿಸಬೇಕು. ಹೋಲಿಸುವುದಾದರೆ ಅದೇ ಲ್ಯಾಬ್, ಅಷ್ಟೇ ಗಾತ್ರದ ಚೌಕ, ಅಷ್ಟೇ ಬೆಳಕು ಇರಬೇಕು. ಕನ್ನಡಕ ಇದ್ದರೆ ಹಾಕಿಕೊಂಡೇ ಕೂರಿ. ರಾತ್ರಿ ಪಾಳಿ ಮುಗಿಸಿ ತೂಕಡಿಸುತ್ತ ಕೂತರೆ, ನಡುವಿನ ಚುಕ್ಕಿಯಿಂದ ನೋಟ ಜಾರಿದರೆ, ಅಂಕಿ ಸುಮ್ಮನೆ ಏರುತ್ತದೆ. ಬೇರೆ ಬೇರೆ ಕಡೆ ಮಾಡಿಸಿದ ಎರಡು ವರದಿ ಮುಂದಿಟ್ಟುಕೊಂಡು ಐದು ಮಿಲಿಸೆಕೆಂಡ್ ವ್ಯತ್ಯಾಸಕ್ಕೆ ಗಾಬರಿಯಾಗುವವರು ನಮ್ಮ ಒ.ಪಿ.ಡಿ.ಗೆ ಬರುತ್ತಲೇ ಇರುತ್ತಾರೆ.

ಎಂ.ಆರ್.ಐ. ವಿಷಯವೂ ಹಾಗೆಯೇ. ಮಾಮೂಲಿ ಸ್ಕ್ಯಾನಿನಲ್ಲಿ ಕಾಣುವ ಬಿಳಿ ಚುಕ್ಕೆ, ಅಲ್ಲಿ ಒಮ್ಮೆ ಗಾಯವಾಗಿತ್ತು ಎಂದಷ್ಟೇ ಹೇಳುತ್ತದೆ. ಮಯಲಿನ್ ಕಳಚಿದ ಜಾಗವೂ ಬಿಳಿ, ಮತ್ತೆ ಕಟ್ಟಿಕೊಂಡ ಜಾಗವೂ ಬಹುತೇಕ ಬಿಳಿಯೇ. ಆದ್ದರಿಂದ ‘ಹಳೆಯ ಪ್ಲಾಕ್‌ಗಳಲ್ಲಿ ಬದಲಾವಣೆ ಇಲ್ಲ’ ಎಂಬ ಸಾಲನ್ನು ‘ರಿಪೇರಿ ಆಗಿಲ್ಲ’ ಎಂದು ಓದಿಕೊಳ್ಳಬೇಡಿ. ಆ ವರದಿಯಲ್ಲಿ ಹುಡುಕಬೇಕಾದ ಮಾತು ಬೇರೆ: ಹೊಸ ಚುಕ್ಕೆ ಬಂದಿದೆಯೇ? ಬಂದಿಲ್ಲ ಅಂದರೆ ಅದು ಒಳ್ಳೆಯ ವರದಿ. ಸಾಧ್ಯವಾದಷ್ಟೂ ಅದೇ ಯಂತ್ರದಲ್ಲಿ ಸ್ಕ್ಯಾನ್ ಮಾಡಿಸಿ, ಕಾಗದದ ಜೊತೆ ಸಿ.ಡಿ. ಅಥವಾ ಡಿಜಿಟಲ್ ಚಿತ್ರಗಳನ್ನೂ ಕೇಳಿ ಇಟ್ಟುಕೊಳ್ಳಿ. ಹೋಲಿಕೆಗೆ ಚಿತ್ರವೇ ಬೇಕು, ವರದಿಯ ಕಾಗದ ಸಾಲದು.

ಹಾಗಾದರೆ ರಿಪೇರಿ ಎಲ್ಲರಲ್ಲೂ ಏಕೆ ಪೂರ್ತಿಯಾಗುವುದಿಲ್ಲ? ನಮ್ಮೆಲ್ಲರ ಮಿದುಳಿನಲ್ಲಿ, ದೊಡ್ಡವರಾದ ಮೇಲೂ, ಒಲಿಗೊಡೆಂಡ್ರೊಸೈಟ್ ಆಗಬಲ್ಲ ಎಳೆಯ ಕೋಶಗಳು ಹರಡಿಕೊಂಡಿರುತ್ತವೆ. ಮಿದುಳಿನ ಕೋಶಗಳಲ್ಲಿ ಅವುಗಳ ಪಾಲು ಸುಮಾರು ನೂರಕ್ಕೆ ಐದು. ಗಾಯವಾದಾಗ ಮೊದಲು ಮಿದುಳಿನದೇ ಕಾವಲು ಕೋಶಗಳಾದ ಮೈಕ್ರೊಗ್ಲಿಯಾ ಮತ್ತು ರಕ್ತದಿಂದ ಬಂದ ಭಕ್ಷಕ ಕೋಶಗಳು ಹರಿದ ಮಯಲಿನ್‌ನ ಕಸ ತಿಂದು ಜಾಗ ಚೊಕ್ಕಟ ಮಾಡಬೇಕು. ಆ ಕಸ ಅಲ್ಲೇ ಬಿದ್ದಿದ್ದರೆ ಎಳೆಯ ಕೋಶ ಬಲಿಯುವುದೇ ಇಲ್ಲ. ಆಮೇಲೆ ಎಳೆಯ ಕೋಶಗಳು ಬಂದು ಸೇರಬೇಕು, ಬಲಿಯಬೇಕು, ತಂತುವನ್ನು ಹಿಡಿದು ಸುತ್ತಬೇಕು. ಹಳೆಯ ಗಾಯಗಳನ್ನು ನೋಡಿದಾಗ ಆಗಾಗ ಕಾಣುವುದು ಇದು: ಎಳೆಯ ಕೋಶಗಳು ಬಂದು ಸೇರಿರುತ್ತವೆ, ಬಲಿಯದೆ ನಿಂತುಬಿಟ್ಟಿರುತ್ತವೆ. ವಯಸ್ಸಾದಂತೆ ಕಸ ಗುಡಿಸುವುದೂ ನಿಧಾನ, ಬಲಿಯುವುದೂ ನಿಧಾನ. 31 ನಿಮ್ಮ ಪರವಾಗಿರುವ ವಯಸ್ಸು.

ಈ ಚಿತ್ರಕ್ಕೆ 2019ರಲ್ಲಿ ಒಂದು ತಿರುವು ಸಿಕ್ಕಿತು. ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣ ಸೇರಿದ ಕಾರ್ಬನ್-14 ಅನ್ನು ಅಳೆದು ಕೋಶಗಳ ವಯಸ್ಸು ಕಂಡುಹಿಡಿಯುವ ವಿಧಾನವನ್ನು ಸ್ವೀಡನ್‌ನ ಯೋನಾಸ್ ಫ್ರಿಸೆನ್ ತಂಡ ಎಂ.ಎಸ್. ಇದ್ದವರ ಮಿದುಳಿಗೆ ಅನ್ವಯಿಸಿತು. ಮರುಸುತ್ತಿಕೊಂಡ ಜಾಗಗಳಲ್ಲಿದ್ದ ಒಲಿಗೊಡೆಂಡ್ರೊಸೈಟ್‌ಗಳು ಹೊಸವಾಗಿರಲಿಲ್ಲ, ಹಳೆಯವೇ ಆಗಿದ್ದವು. ಅಂದರೆ ರೋಗನಿರೋಧಕ ವ್ಯವಸ್ಥೆ ಮಯಲಿನ್ ಮೇಲೆ ಮಾಡುವ ದಾಳಿಯಲ್ಲಿ ಬದುಕುಳಿದ ಹಿರಿಯ ಕೋಶಗಳೂ ಮತ್ತೆ ಸುತ್ತುವ ಕೆಲಸಕ್ಕೆ ಇಳಿಯುತ್ತವೆ. ನನ್ನ ದೃಷ್ಟಿಯಲ್ಲಿ ಇದು ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಸಂಗತಿ. ರಿಪೇರಿ ಮಾಡುವ ಕೈಗಳನ್ನೇ ದಾಳಿ ಕೊಲ್ಲುತ್ತಿದ್ದರೆ ಯಾವ ಔಷಧ ಕೊಟ್ಟು ಏನು ಫಲ? ಜಲಮಂಡಳಿಯವರು ಅಗೆಯುವುದು ನಿಲ್ಲಿಸದೆ ಪಾಲಿಕೆಯವರು ಡಾಂಬರು ಹಾಕಿದ ರಸ್ತೆ ಎಷ್ಟು ದಿನ ನಿಲ್ಲುತ್ತದೆಂದು ಬೆಂಗಳೂರಿನವರಿಗೆ ಹೇಳಬೇಕಿಲ್ಲ. ನಿಮ್ಮ ಡೈಮೀಥೈಲ್ ಫ್ಯೂಮರೇಟ್ ಮಾಡುತ್ತಿರುವುದು ಅಗೆತ ನಿಲ್ಲಿಸುವ ಕೆಲಸ. ಅದು ಮಯಲಿನ್ ಬೆಳೆಸುವುದಿಲ್ಲ ಎಂದು ನೀವು ಓದಿದ್ದು ನಿಜ. ಆದರೆ ಬೆಳೆದದ್ದು ಉಳಿಯುವಂತೆ, ಬೆಳೆಸುವ ಕೋಶಗಳು ಬದುಕುವಂತೆ ನೋಡಿಕೊಳ್ಳುತ್ತಿರುವುದು ಅದೇ.

ಅದನ್ನು ಸರಿಯಾಗಿ ತೆಗೆದುಕೊಳ್ಳಿ. ಮೊಸರನ್ನ, ಮೊಟ್ಟೆ, ಕಡಲೆಬೀಜದಂಥ ಸ್ವಲ್ಪ ಕೊಬ್ಬು, ಪ್ರೋಟೀನ್ ಇರುವ ಊಟದ ಜೊತೆ ನುಂಗಿದರೆ ಮುಖ ಕೆಂಪೇರುವುದು, ಹೊಟ್ಟೆ ತೊಳಸುವುದು ಕಡಿಮೆ. ಮೂರು ತಿಂಗಳಿಗೊಮ್ಮೆ ರಕ್ತದ ಕಣಗಳ ಎಣಿಕೆ ಮತ್ತು ಲಿವರ್ ಪರೀಕ್ಷೆ ಮಾಡಿಸಿ. ವರದಿಯಲ್ಲಿ ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳ ಸಂಖ್ಯೆ ನೋಡಿ. ಮೈಕ್ರೊಲೀಟರಿಗೆ 500ಕ್ಕಿಂತ ಕೆಳಗೆ ಆರು ತಿಂಗಳು ನಿಂತರೆ ಮದ್ದು ಬದಲಿಸುವ ಮಾತಾಡಬೇಕು. ಆ ಸ್ಥಿತಿಯಲ್ಲಿ ಜೆ.ಸಿ. ವೈರಸ್ ಮಿದುಳಿಗೆ ಇಳಿಯುವ ಅಪರೂಪದ, ಆದರೆ ಗಂಭೀರವಾದ ಅಪಾಯವಿದೆ. ಮುಂದೆ ಎಂದಾದರೂ ಮಾತ್ರೆ ಸೋತು ಹೊಸ ದಾಳಿ ಬಂದರೆ, ನಮ್ಮಲ್ಲಿ ಬೆಲೆಯ ಕಾರಣಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವ ರಿಟುಕ್ಸಿಮ್ಯಾಬ್, ಅಥವಾ ಓಕ್ರೆಲಿಜುಮ್ಯಾಬ್‌ನಂಥ ಬಲವಾದ ದಾರಿಗಳಿವೆ. ಅವಕ್ಕೆ ಮೊದಲು ಹೆಪಟೈಟಿಸ್ ಬಿ ಮತ್ತು ಕ್ಷಯದ ತಪಾಸಣೆ ಆಗಲೇಬೇಕು, ಲಸಿಕೆಗಳನ್ನೂ ಮೊದಲೇ ಮುಗಿಸಿಕೊಳ್ಳಬೇಕು. ಸ್ವಂತ ನಿರ್ಧಾರದಿಂದ ಮದ್ದು ನಿಲ್ಲಿಸುವವರಿಗೆ ಇನ್ನೊಂದು ಎಚ್ಚರಿಕೆ: ಫಿಂಗೊಲಿಮಾಡ್, ನಟಾಲಿಜುಮ್ಯಾಬ್ ತೆಗೆದುಕೊಳ್ಳುವವರು ಥಟ್ಟನೆ ಬಿಟ್ಟರೆ ರೋಗ ಮೊದಲಿಗಿಂತ ಜೋರಾಗಿ ತಿರುಗಿಬೀಳಬಹುದು.

ಇನ್ನು ಕ್ಲೆಮಾಸ್ಟೀನ್. ನೀವು ಓದಿದ್ದಕ್ಕೆ ಆಧಾರವಿದೆ. ಇದು ಹಳೆಯ ಅಲರ್ಜಿ ಮದ್ದು. ಎಳೆಯ ಕೋಶಗಳ ಮೇಲಿನ ಒಂದು ಮಸ್ಕರಿನಿಕ್ ಗ್ರಾಹಿಯನ್ನು (ಸಂಕೇತ ಹಿಡಿಯುವ ಪ್ರೋಟೀನ್) ತಡೆದು ಅವು ಬಲಿಯುವಂತೆ ಮಾಡುತ್ತದೆಂದು ಲ್ಯಾಬಿನಲ್ಲಿ ಕಂಡಿತು. 2017ರಲ್ಲಿ ಕ್ಯಾಲಿಫೋರ್ನಿಯಾದ ತಂಡ 50 ಜನರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಭಾಗವಹಿಸಿದವರಿಗೆ ಹಳೆಯ ದೃಷ್ಟಿನರದ ಗಾಯವಿತ್ತು. ಕೊಟ್ಟ ಪ್ರಮಾಣ 5.36 ಮಿ.ಗ್ರಾಂ. ದಿನಕ್ಕೆರಡು ಸಲ. ವಿ.ಇ.ಪಿ. ತಡ ಕಣ್ಣೊಂದಕ್ಕೆ 1.7 ಮಿಲಿಸೆಕೆಂಡ್ ಕಡಿಮೆಯಾಯಿತು. ವಿಜ್ಞಾನದ ದೃಷ್ಟಿಯಿಂದ ಇದು ದೊಡ್ಡ ಸುದ್ದಿ: ವರ್ಷಗಳ ಹಳೆಯ ಗಾಯವನ್ನೂ ಔಷಧದಿಂದ ಸ್ವಲ್ಪ ಸರಿಪಡಿಸಬಹುದೆಂಬ ಮೊದಲ ಸುಳಿವು. ನಿಮ್ಮ ದೃಷ್ಟಿಯಿಂದ ಅಳೆದು ನೋಡಿ. 126 ಇದ್ದದ್ದು 124ರ ಆಸುಪಾಸಿಗೆ ಬಂದರೆ ಕೆಂಪು ಬಣ್ಣ ಕೆಂಪಾಗಿ ಕಾಣುವುದಿಲ್ಲ.

ಬೆಲೆ ತೆರಬೇಕಾದದ್ದೂ ಇದೆ. ಅಲರ್ಜಿಗೆ ಕೊಡುವ ಪ್ರಮಾಣಕ್ಕಿಂತ ಇದು ನಾಲ್ಕರಷ್ಟು. ಆಯಾಸ ಹೆಚ್ಚುತ್ತದೆ, ಎಂ.ಎಸ್.ನಲ್ಲಿ ಆಯಾಸ ಮೊದಲೇ ಕಾಡುವ ತೊಂದರೆ. ಬಾಯಿ ಒಣಗುತ್ತದೆ, ಮೂತ್ರ ಕಟ್ಟುತ್ತದೆ, ಮಲಬದ್ಧತೆ ಹೆಚ್ಚುತ್ತದೆ. ಆ ಮಂಪರಿನಲ್ಲಿ ರಿಂಗ್ ರೋಡಿನಲ್ಲಿ ಸ್ಕೂಟರ್ ಓಡಿಸುವುದನ್ನು ಊಹಿಸಿಕೊಳ್ಳಿ. ಇದಕ್ಕಿಂತ ಮುಖ್ಯವಾದದ್ದು, ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್.ಐ.ಎಚ್.ನಲ್ಲಿ ನಿಧಾನವಾಗಿ ಕೆಡುತ್ತ ಹೋಗುವ ಬಗೆಯ ಎಂ.ಎಸ್. ಇದ್ದವರಿಗೆ ಇದೇ ಮದ್ದು ಕೊಟ್ಟಾಗ ಕೆಲವರಲ್ಲಿ ಅಂಗವೈಕಲ್ಯ ಇನ್ನೂ ಬೇಗ ಏರಿತು, ಪ್ರಯೋಗದ ಆ ಭಾಗವನ್ನೇ ನಿಲ್ಲಿಸಿದರು. ಅಂದರೆ ಇದು ‘ಫಲ ಸಿಕ್ಕರೆ ಸಿಗಲಿ, ನಷ್ಟವಂತೂ ಇಲ್ಲ’ ಎನ್ನುವ ಮದ್ದಲ್ಲ. ಕ್ಲೆಮಾಸ್ಟೀನ್ ಸಿಗದಿದ್ದಾಗ ಅಂಗಡಿಯವರು ಕೊಟ್ಟ ಸೆಟಿರಿಜಿನ್ ನುಂಗುವುದಕ್ಕಂತೂ ಅರ್ಥವೇ ಇಲ್ಲ; ಅಲರ್ಜಿಗೆ ಎರಡೂ ಆಗುತ್ತವೆ, ಈ ಗ್ರಾಹಿಯ ಮೇಲಿನ ಪರಿಣಾಮ ಎರಡಕ್ಕೂ ಒಂದೇ ಅಲ್ಲ.

ಬೇರೆ ಪ್ರಯತ್ನಗಳ ಫಲವನ್ನು ಚುಟುಕಾಗಿ ಹೇಳುತ್ತೇನೆ. ಎಳೆಯ ಕೋಶ ಬಲಿಯದಂತೆ ತಡೆಯುವ ಲಿಂಗೊ-1 ಎಂಬ ಪ್ರೋಟೀನನ್ನು ಅಡ್ಡಗಟ್ಟಲು ಮಾಡಿದ ಓಪಿಸಿನುಮ್ಯಾಬ್ ಚುಚ್ಚುಮದ್ದು ದೊಡ್ಡ ಪ್ರಯೋಗಗಳಲ್ಲಿ ಗುರಿ ಮುಟ್ಟಲಿಲ್ಲ, 2020ರಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. ಕೇಂಬ್ರಿಜ್‌ನಲ್ಲಿ ಪರೀಕ್ಷಿಸಿದ ಬೆಕ್ಸರೊಟೀನ್ ಒಂದಿಷ್ಟು ಮರುಸುತ್ತುವಿಕೆಯ ಗುರುತು ತೋರಿಸಿತು, ಆದರೆ ಥೈರಾಯ್ಡ್ ಕುಗ್ಗಿಸಿ, ಟ್ರೈಗ್ಲಿಸರೈಡ್ ಏರಿಸಿ ಬಳಕೆಗೆ ಬಾರದಾಯಿತು. ಮಧುಮೇಹದ ಮೆಟ್‌ಫಾರ್ಮಿನ್ ಮುದಿ ಇಲಿಗಳ ಎಳೆಯ ಕೋಶಗಳಿಗೆ ಮತ್ತೆ ಚುರುಕು ತಂದದ್ದನ್ನು ಕಂಡು, ಅದನ್ನು ಕ್ಲೆಮಾಸ್ಟೀನ್ ಜೊತೆ ಮನುಷ್ಯರಲ್ಲೂ ಪರೀಕ್ಷಿಸಿದ್ದಾರೆ. ಇದು ಇನ್ನೂ ಸಂಶೋಧನೆಯ ಮಾತು, ಚಿಕಿತ್ಸೆಯದಲ್ಲ. ದಿನಕ್ಕೆ 300 ಮಿ.ಗ್ರಾಂ. ಬಯೊಟಿನ್ ಮೊದಲ ಪ್ರಯೋಗದಲ್ಲಿ ಆಸೆ ಹುಟ್ಟಿಸಿ, 2020ರ ದೊಡ್ಡ ಪ್ರಯೋಗದಲ್ಲಿ ಪ್ಲಸೀಬೊಗಿಂತ (ಹೋಲಿಕೆಗೆ ಕೊಡುವ ಹುಸಿಮದ್ದು) ಮೇಲಲ್ಲ ಎಂದಾಯಿತು. ಕೂದಲಿಗೆಂದು ಬಯೊಟಿನ್ ನುಂಗುತ್ತಿದ್ದರೆ ಥೈರಾಯ್ಡ್ ಮುಂತಾದ ರಕ್ತಪರೀಕ್ಷೆಗೆ ಮುಂಚೆ ಡಾಕ್ಟರಿಗೆ ಹೇಳಿ. ಅದು ಅಂಕಿಗಳನ್ನೇ ತಪ್ಪಾಗಿ ತೋರಿಸುತ್ತದೆ.

ಮನೆಯ ಹಿರಿಯರ ಮಾತಿಗೆ ಬರೋಣ. ಮಯಲಿನ್ ಕೊಬ್ಬಿನದು, ಆದ್ದರಿಂದ ತುಪ್ಪ ತಿಂದರೆ ಬೆಳೆಯುತ್ತದೆ ಎಂಬುದು ಕೇಳಲು ಸರಿಯೆನಿಸುತ್ತದೆ. ಆದರೆ ಮಿದುಳು ತನಗೆ ಬೇಕಾದ ಕೊಲೆಸ್ಟರಾಲನ್ನು ತಾನೇ ತಯಾರಿಸಿಕೊಳ್ಳುತ್ತದೆ. ರಕ್ತದಲ್ಲಿರುವ ಕೊಲೆಸ್ಟರಾಲ್ ಮಿದುಳಿನ ತಡೆಗೋಡೆ ದಾಟಿ ಒಳಗೆ ಹೋಗುವುದಿಲ್ಲ. ಬಿಸಿ ಅನ್ನಕ್ಕೆ ಒಂದು ಚಮಚ ತುಪ್ಪ ಹಾಕಿಕೊಳ್ಳಿ, ರುಚಿಗೆ. ಮಯಲಿನ್ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ.

ಅಮೃತಬಳ್ಳಿಯ ಬಗ್ಗೆ ಇಷ್ಟು ಸಲೀಸಾಗಿ ಹೇಳಲಾರೆ. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆಂದು ಜನ ಅದನ್ನು ಕುಡಿಯುತ್ತಾರೆ. ನಿಮ್ಮ ತೊಂದರೆಯೇ ಆ ವ್ಯವಸ್ಥೆ ನಿಮ್ಮ ಮಯಲಿನ್ ಮೇಲೆ ಬಿದ್ದಿರುವುದು. ಅದನ್ನು ಕೆರಳಿಸುವುದು ಬೇಕಾಗಿಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ದಿನವೂ ಕುಡಿದವರಲ್ಲಿ ಸ್ವಯಂನಿರೋಧಕ ಬಗೆಯ ಲಿವರ್ ಉರಿಯೂತ ಕಾಣಿಸಿದ್ದನ್ನು ನಮ್ಮ ದೇಶದ ಲಿವರ್ ತಜ್ಞರೇ ವರದಿ ಮಾಡಿದ್ದಾರೆ. ನಿಮ್ಮ ಮಾತ್ರೆಯೂ ಕೆಲವೊಮ್ಮೆ ಲಿವರ್ ಕಿಣ್ವ ಏರಿಸುತ್ತದೆ. ಎರಡೂ ಸೇರಿದರೆ ಯಾವುದರಿಂದ ಆಯಿತೆಂದು ತಿಳಿಯದೆ, ಕೊನೆಗೆ ಕೆಲಸ ಮಾಡುತ್ತಿದ್ದ ಮಾತ್ರೆಯನ್ನೇ ನಿಲ್ಲಿಸಬೇಕಾಗಿ ಬರಬಹುದು. ಹೆಸರು, ಅಂಶಪಟ್ಟಿ ಇಲ್ಲದ ‘ನರದ ಪುಡಿ’ಗಳನ್ನಂತೂ ಮುಟ್ಟಬೇಡಿ, ಸೀಸ, ಸ್ಟೀರಾಯ್ಡ್ ಬೆರೆತವು ಸಿಕ್ಕಿವೆ.

ಪೋಷಕಾಂಶಗಳಲ್ಲಿ ಎರಡನ್ನು ಮಾತ್ರ ನಾನು ಒತ್ತಿ ಹೇಳುತ್ತೇನೆ. ಬಿ12 ಕೊರತೆ ತಾನಾಗಿಯೇ ಬೆನ್ನುಹುರಿಯ ಮಯಲಿನ್ ಹಾಳುಮಾಡುತ್ತದೆ, ಸಸ್ಯಾಹಾರಿಗಳಲ್ಲಿ ಅದು ಸಾಮಾನ್ಯ. ಹಾಗಾಗಿ ಬಿ12 ಮಟ್ಟ ಒಮ್ಮೆ ನೋಡಿಸಿ, ಕಡಿಮೆ ಇದ್ದರೆ ತುಂಬಿಸಿ. ಸರಿಯಿದ್ದರೆ ವಾರವಾರ ಮೀಥೈಲ್‌ಕೊಬಾಲಮಿನ್ ಇಂಜೆಕ್ಷನ್ ಹಾಕಿಸಿಕೊಂಡು ಎಂ.ಎಸ್. ಗಾಯ ತುಂಬುವುದಿಲ್ಲ. ವಿಟಮಿನ್ ಡಿ ಕೂಡ ಅಳೆಸಿ, ಎ.ಸಿ. ಆಫೀಸಿನಲ್ಲಿ ದಿನ ಕಳೆಯುವ ಬೆಂಗಳೂರಿಗರಲ್ಲಿ ಊರಲ್ಲಿ ಬಿಸಿಲಿದ್ದರೂ ಅದು ಕೆಳಗಿರುತ್ತದೆ. ಕೊರತೆಗೆ 60,000 ಯೂನಿಟ್ ವಾರಕ್ಕೊಂದರಂತೆ ಎಂಟು ವಾರ ಕೊಡುವುದು ರೂಢಿ, ಆಮೇಲೆ ಕಡಿಮೆ ಪ್ರಮಾಣ. ವಾರಕ್ಕೊಂದು ಎಂಬುದನ್ನು ದಿನಕ್ಕೊಂದು ಎಂದು ತಿಳಿದು ನುಂಗಿದವರಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿ ಕೆಡುತ್ತದೆ.

ಸ್ಟೆಮ್ ಸೆಲ್ ಎಂದರೆ ಎರಡು ಬೇರೆ ಚಿಕಿತ್ಸೆಗಳು. ಜಾಹೀರಾತುಗಳು ಎರಡನ್ನೂ ಕಲಸುತ್ತವೆ. ಒಂದು, ನಿಮ್ಮದೇ ರಕ್ತ ಉತ್ಪಾದಕ ಕೋಶಗಳನ್ನು ತೆಗೆದಿಟ್ಟು, ಕೀಮೊಥೆರಪಿಯಿಂದ ರೋಗನಿರೋಧಕ ವ್ಯವಸ್ಥೆಯನ್ನು ಬಹುಪಾಲು ಅಳಿಸಿ, ಆ ಕೋಶಗಳನ್ನು ಮರಳಿ ಕೊಡುವುದು. 2019ರಲ್ಲಿ ಪ್ರಕಟವಾದ 110 ಜನರ ಪ್ರಯೋಗದಲ್ಲಿ ಇದನ್ನು ಮಾಡಿಸಿಕೊಂಡ ಗುಂಪಿನಲ್ಲಿ 3 ಜನರ ಅಂಗವೈಕಲ್ಯ ಹೆಚ್ಚಿದರೆ, ಔಷಧ ಗುಂಪಿನಲ್ಲಿ 34 ಜನರದು ಹೆಚ್ಚಿತು. ಫಲ ನಿಜ. ಆದರೆ ಇದು ಕೂಡ ದಾಳಿ ನಿಲ್ಲಿಸುತ್ತದೆ, ಮಯಲಿನ್ ಬೆಳೆಸುವುದಿಲ್ಲ. ಒಳ್ಳೆಯ ಔಷಧ ಕೊಟ್ಟರೂ ಮತ್ತೆ ಮತ್ತೆ ದಾಳಿ ಬರುವವರಿಗೆ, ಅಸ್ಥಿಮಜ್ಜೆ ಕಸಿಯಲ್ಲಿ ನುರಿತ ದೊಡ್ಡ ಆಸ್ಪತ್ರೆಯಲ್ಲಿ ಮಾಡಬೇಕಾದದ್ದು. ಸೋಂಕಿನಿಂದ ಜೀವಕ್ಕೆ ಅಪಾಯ ಚಿಕ್ಕದಾದರೂ ಇದೆ. ಕೀಮೊ ಅಂಡಾಶಯಕ್ಕೆ ಪೆಟ್ಟು ಕೊಡುತ್ತದೆ, ಮಗು ಬೇಕೆನ್ನುವ ನಿಮಗೆ ಇದು ಸಣ್ಣ ವಿಷಯವಲ್ಲ. ನಿಮ್ಮ ರೋಗ ಮಾತ್ರೆಗೆ ಮಣಿದಿರುವಾಗ ಇದರ ಅಗತ್ಯವೂ ಇಲ್ಲ.

ಇನ್ನೊಂದು, ಆರು ಲಕ್ಷದ ಕ್ಲಿನಿಕ್‌ನವರು ಹೇಳುತ್ತಿರಬಹುದಾದದ್ದು: ಕೊಬ್ಬಿನಿಂದಲೋ ಹೊಕ್ಕುಳಬಳ್ಳಿಯಿಂದಲೋ ತೆಗೆದ ಮೀಸೆಂಕೈಮಲ್ ಕೋಶಗಳನ್ನು ರಕ್ತನಾಳಕ್ಕೆ ಅಥವಾ ಬೆನ್ನುನೀರಿಗೆ ಚುಚ್ಚುವುದು. ಹಲವು ದೇಶಗಳಲ್ಲಿ 144 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ರಕ್ತನಾಳದ ಮೂಲಕ ಕೊಟ್ಟ ಇಂಥ ಕೋಶಗಳು ಎಂ.ಆರ್.ಐ. ಗಾಯಗಳನ್ನು ಪ್ಲಸೀಬೊಗಿಂತ ಕಡಿಮೆ ಮಾಡಲಿಲ್ಲ. ಬೆನ್ನಿಗೆ ಚುಚ್ಚಿದಾಗ ಮೆನಿಂಜೈಟಿಸ್, ನರಬೇರುಗಳ ಉರಿಯೂತ ಆಗಬಹುದು. ವಿದೇಶದ ಕ್ಲಿನಿಕ್‌ಗಳಿಗೆ ಹೋಗಿ ಬೆನ್ನುನೀರಿಗೆ ಕೋಶ ಹಾಕಿಸಿಕೊಂಡು ಬಂದ ಒಬ್ಬರ ಬೆನ್ನುಹುರಿಯಲ್ಲಿ ಅನ್ಯರ ಕೋಶಗಳ ಗೆಡ್ಡೆಯೇ ಬೆಳೆದದ್ದು 2016ರಲ್ಲಿ ವರದಿಯಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐ.ಸಿ.ಎಂ.ಆರ್.) 2017ರ ಮಾರ್ಗಸೂಚಿ ಪ್ರಕಾರ ಇಂಥದನ್ನು ಅನುಮತಿ ಪಡೆದ ಪ್ರಯೋಗವಾಗಿ ಮಾತ್ರ ನಡೆಸಬಹುದು, ಪ್ರಯೋಗವೆಂದ ಮೇಲೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಆ ಕ್ಲಿನಿಕ್‌ನವರನ್ನು ಸಿ.ಟಿ.ಆರ್.ಐ. (ದೇಶದ ವೈದ್ಯಕೀಯ ಪ್ರಯೋಗಗಳ ದಾಖಲೆ) ನೋಂದಣಿ ಸಂಖ್ಯೆ ಕೇಳಿ. ಸಂಖ್ಯೆ ಕೊಡದೆ ಬಿಲ್ ಮಾತ್ರ ಕೊಡುವುದಾದರೆ ಮುಂಗಡ ಕಟ್ಟಬೇಡಿ.

ಒಂದು ವಿಷಯ ನಿಮ್ಮ ಪತ್ರದಲ್ಲಿಲ್ಲ, ನನಗೆ ಅದೇ ಮುಖ್ಯವೆನಿಸಿತು. ದೃಷ್ಟಿನರ ಮೊದಲು, ಬೆನ್ನುಹುರಿ ಆಮೇಲೆ ಎಂಬ ಈ ಕ್ರಮದಲ್ಲಿ ಎಂ.ಎಸ್. ಬರುವಂತೆಯೇ ಎನ್.ಎಂ.ಒ. (ನ್ಯೂರೊಮಯಲೈಟಿಸ್ ಆಪ್ಟಿಕಾ) ಮತ್ತು ಮಾಗ್ ಎಂಬ ಮಯಲಿನ್ ಪ್ರೋಟೀನಿನ ಮೇಲೆ ಬೀಳುವ ಪ್ರತಿಕಾಯದ ರೋಗಗಳೂ ಬರುತ್ತವೆ. ಅವು ಬೇರೆ ರೋಗಗಳು. ಎಂ.ಎಸ್.ಗೆ ಕೊಡುವ ಇಂಟರ್‌ಫೆರಾನ್, ಫಿಂಗೊಲಿಮಾಡ್‌ನಂಥ ಮದ್ದುಗಳು ಎನ್.ಎಂ.ಒ.ವನ್ನು ಕೆಡಿಸಬಹುದು. ನಿಮ್ಮ ಫೈಲಿನಲ್ಲಿ ಅಕ್ವಪೊರಿನ್-4 (ಎನ್.ಎಂ.ಒ. ಗುರುತಿಸುವ ಪರೀಕ್ಷೆ) ಮತ್ತು ಮಾಗ್ ಪ್ರತಿಕಾಯದ ವರದಿ ಇದೆಯೇ ನೋಡಿ. ಕೋಶ ಆಧಾರಿತ ವಿಧಾನದಲ್ಲಿ ಮಾಡಿದ್ದಾದರೆ ಹೆಚ್ಚು ನಂಬಿಕೆಗೆ ಅರ್ಹ. ಬೆನ್ನುನೀರಿನಲ್ಲಿ ಆಲಿಗೊಕ್ಲೋನಲ್ ಬ್ಯಾಂಡ್ (ಪ್ರತಿಕಾಯಗಳ ಗೆರೆಗಳು) ಕಂಡಿದ್ದರೆ ಎಂ.ಎಸ್. ಕಡೆಗೆ ತೂಕ ಹೆಚ್ಚು. ವರದಿ ಇಲ್ಲದಿದ್ದರೆ ಮುಂದಿನ ಭೇಟಿಯಲ್ಲೇ ಕೇಳಿ. ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಎಲ್ಲ ಚಿತ್ರಗಳ ಸಮೇತ ಹೋಗಿ.

ಬಿಸಿಲಲ್ಲಿ ಕಣ್ಣು ಮಂಜಾಗುವುದು ಮಯಲಿನ್ ಇನ್ನಷ್ಟು ಕಳಚುತ್ತಿರುವುದರಿಂದ ಅಲ್ಲ. ಮೈಬಿಸಿ ಏರಿದಾಗ ಸೋಡಿಯಂ ದ್ವಾರಗಳು ಬೇಗ ಮುಚ್ಚಿಕೊಳ್ಳುತ್ತವೆ. ತೆಳುವಾದ ಮಯಲಿನ್ ಇರುವ ಕಡೆ ಸಂಕೇತಕ್ಕೆ ದಾಟುವಷ್ಟು ಬಲ ಸಾಲುವುದಿಲ್ಲ. ಹೀಗೆ ನೋಟ ಮಂಜಾಗುವುದನ್ನು ಜರ್ಮನಿಯ ಕಣ್ಣಿನ ವೈದ್ಯ ಉಥಾಫ್ 1890ರಲ್ಲೇ ವಿವರಿಸಿದ್ದಾರೆ. ಮೈ ತಣ್ಣಗಾದರೆ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಸರಿಹೋಗುತ್ತದೆ, ಹೊಸ ಗಾಯ ಉಳಿಯುವುದಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಛತ್ರಿ, ತಣ್ಣೀರಿನ ಬಾಟಲಿ, ಕುತ್ತಿಗೆಗೆ ಒದ್ದೆ ಕರವಸ್ತ್ರ ಇಟ್ಟುಕೊಳ್ಳಿ. ತೀರಾ ಬಿಸಿನೀರಿನ ಸ್ನಾನ ಬೇಡ. ಇದಕ್ಕೆ ಹೆದರಿ ನಡೆಯುವುದನ್ನು ಬಿಡಬೇಡಿ. ಓಡುವ ಚಕ್ರದ ಮೇಲೆ ಹೊಸ ಚಲನೆ ಕಲಿತ ಇಲಿಗಳ ಮಿದುಳಿನಲ್ಲಿ ಹೊಸ ಮಯಲಿನ್ ಬೇಕಾಗುತ್ತದೆ, ಬರುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಮನುಷ್ಯರಲ್ಲಿ ವ್ಯಾಯಾಮ ಎಂ.ಎಸ್. ಗಾಯ ತುಂಬಿಸುತ್ತದೆಂದು ಅಷ್ಟರಿಂದ ಹೇಳಲು ಬಾರದು. ಆದರೆ ಆಯಾಸ, ನಡಿಗೆ, ಮನಸ್ಸು ಮೂರಕ್ಕೂ ಅದರಿಂದ ಲಾಭವಿರುವುದು ಖಚಿತ. ವಾರಕ್ಕೆ 150 ನಿಮಿಷ ಗುರಿ ಇಟ್ಟುಕೊಂಡು ಬೆಳಗ್ಗೆ ಏಳರೊಳಗೆ ಕಬ್ಬನ್ ಪಾರ್ಕೋ ಲಾಲ್‌ಬಾಗೋ ನಿಮ್ಮ ಬಡಾವಣೆಯ ಪಾರ್ಕೋ ಸುತ್ತಿ. ಸಿಗರೇಟಿನ ಅಭ್ಯಾಸವಿದ್ದರೆ ಇವತ್ತೇ ನಿಲ್ಲಿಸಿ, ಅದು ಈ ರೋಗ ಬೇಗ ಉಲ್ಬಣಿಸುವಂತೆ ಮಾಡುತ್ತದೆ.

ಹೊಸ ಜೋಮು, ಬಲಹೀನತೆ, ದೃಷ್ಟಿದೋಷ ಬಂದು 24 ಗಂಟೆ ಕಳೆದರೂ ಇಳಿಯದಿದ್ದರೆ, ಜ್ವರವೂ ಇಲ್ಲದಿದ್ದರೆ, ಅದನ್ನು ದಾಳಿ ಎಂದು ತಿಳಿದು ಡಾಕ್ಟರಿಗೆ ಫೋನ್ ಮಾಡಿ. ಮೊದಲು ಮೂತ್ರಪರೀಕ್ಷೆ ಆಗಬೇಕು. ಮೂತ್ರದ ಸೋಂಕೊಂದೇ ಹಳೆಯ ಲಕ್ಷಣಗಳನ್ನೆಲ್ಲ ಎಬ್ಬಿಸಬಲ್ಲದು. ನಿಜವಾದ ದಾಳಿಗೆ ಮೀಥೈಲ್‌ಪ್ರೆಡ್ನಿಸೊಲೋನ್ ದಿನಕ್ಕೆ 1 ಗ್ರಾಂ, ಮೂರರಿಂದ ಐದು ದಿನ. ಅದು ಚೇತರಿಕೆಯನ್ನು ಬೇಗ ತರುತ್ತದೆ, ಮಯಲಿನ್ ಕಟ್ಟುವುದಿಲ್ಲ. ಹಾಗಾಗಿ ಸಣ್ಣಪುಟ್ಟ ಜೋಮಿಗೆಲ್ಲ ಸ್ಟೀರಾಯ್ಡ್ ಕೇಳಬೇಡಿ.

ಮಗುವಿನ ಯೋಚನೆಗೆ ಎಂ.ಎಸ್. ಅಡ್ಡಿಯಲ್ಲ. ಬಸಿರಿನ ಕೊನೆಯ ಮೂರು ತಿಂಗಳಲ್ಲಿ ದಾಳಿಗಳು ತಾವಾಗಿ ಕಡಿಮೆಯಾಗುತ್ತವೆ, ಹೆರಿಗೆಯಾದ ಮೊದಲ ಮೂರು ತಿಂಗಳಲ್ಲಿ ಏರುತ್ತವೆ. ಡೈಮೀಥೈಲ್ ಫ್ಯೂಮರೇಟ್ ದೇಹದಿಂದ ಬೇಗ ಹೊರಹೋಗುವ ಮದ್ದು, ಟೆರಿಫ್ಲುನೊಮೈಡ್‌ನಂತೆ ತಿಂಗಳುಗಟ್ಟಲೆ ಉಳಿಯುವುದಿಲ್ಲ. ಹಾಗಿದ್ದರೂ ಯಾವಾಗ ನಿಲ್ಲಿಸಬೇಕು, ಆ ನಡುವೆ ಗ್ಲಾಟಿರಾಮರ್‌ನಂಥ ಬಸಿರಿನಲ್ಲೂ ಕೊಡಬಹುದಾದ ಚುಚ್ಚುಮದ್ದು ಬೇಕೇ, ಹೆರಿಗೆಯಾಗಿ ಎಷ್ಟು ವಾರಕ್ಕೆ ಯಾವ ಮದ್ದು ಶುರುಮಾಡಬೇಕು, ಹಾಲೂಡಿಸುವುದು ಹೇಗೆ ಎಂಬುದನ್ನು ಈಗಲೇ ನರತಜ್ಞರು ಮತ್ತು ಪ್ರಸೂತಿ ತಜ್ಞರ ಜೊತೆ ಕೂತು ಬರೆಸಿಕೊಳ್ಳಿ. ಗರ್ಭ ನಿಂತ ಮೇಲೆ ಅಲ್ಲ, ಪ್ರಯತ್ನ ಶುರುಮಾಡುವ ಮೂರು ತಿಂಗಳು ಮೊದಲು. ಅಷ್ಟರಲ್ಲಿ ಒಂದು ಎಂ.ಆರ್.ಐ. ಮಾಡಿಸಿಟ್ಟುಕೊಂಡರೆ, ಹೆರಿಗೆಯ ನಂತರದ ಸ್ಕ್ಯಾನ್ ಜೊತೆ ಹೋಲಿಸಲು ಅದೇ ಆಧಾರವಾಗುತ್ತದೆ.